ತಿಥಿಯ ಕಾಗೆ, ಅಪ್ಪನ ಕುರ್ಚಿ

ಅಪ್ಪನ ತಿಥಿಯ ದಿನ ರಂಗಧಾಮ ಅಂಗಳದಲ್ಲಿ ಎಡೆಯಿಟ್ಟು, "ಕಾ ಕಾ, ಬಾರಪ್ಪಾ" ಎಂದು ಕಣ್ಣೀರಿಡುತ್ತ ಕರೆದ. ಕಾಗೆಯೊಂದು ಬಂತು. ಅನ್ನ ಮುಟ್ಟುವ ಮೊದಲು, ಪಾಲಿಶ್ ಒಣಗಲೆಂದು ಬಿಸಿಲಿಗಿಟ್ಟಿದ್ದ ಅಪ್ಪನ ತೇಗದ ಕುರ್ಚಿಯ ಮೇಲೆ ಕೂತಿತು.

"ಹುಶ್, ಏಳು! ಅದು ನಮ್ಮಪ್ಪನ ಕುರ್ಚಿ!" ರಂಗಧಾಮ ಟವೆಲ್ ಬೀಸಿದ.

ಕಾಗೆ ಕುರ್ಚಿಯನ್ನು ಕೇಳಿತು: "ಕರೆದವನೇ ಏಳು ಅನ್ನುತ್ತಾನಲ್ಲ, ಇದೆಂಥ ಮರ್ಯಾದೆ?"

"ಹೊಸದೇನಲ್ಲ," ಎಂದಿತು ಕುರ್ಚಿ. "ನೆಂಟರು ಬಂದಾಗಲೆಲ್ಲ ಅಪ್ಪನನ್ನೂ ಹೀಗೇ ಎಬ್ಬಿಸುತ್ತಿದ್ದ. ಅಪ್ಪ ಎದ್ದು ಹೋಗಿ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದರು."

ಆ ಮಾತು ರಂಗಧಾಮನ ಕಿವಿಗೆ ಬಿತ್ತು. ಬೀಸಿದ ಕೈ ಇಳಿಯಿತು, ತಲೆಯೂ ತಗ್ಗಿತು. "ಇಲ್ಲೇ ಕೂತ್ಕೋಪ್ಪಾ," ಎಂದ ರಂಗಧಾಮ, ಮೆಲ್ಲಗೆ.

ಕಾಗೆ ಆಗಲೇ ಹಿತ್ತಲಿಗೆ ಹಾರಿ, ಒಗೆಯುವ ಕಲ್ಲಿನ ಮೇಲೆ ಕೂತಿತ್ತು.