ಸೊನ್ನೆ ತುಂಬಿದ ಜಾಗ

“ಗುರುಗಳೇ, ಓಡುತ್ತ ಓಡುತ್ತ ಸತ್ತು ಬೀಳುವ ಪ್ರೋಗ್ರಾಮನ್ನು ಹೇಗಾದರೂ ಮಾಡಿ ಬದುಕಿಸಿದರೆ ತಪ್ಪೇನು?” ಎಂದು ಶಿಷ್ಯ ಮಲ್ಲಿನಾಥ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಗಣಿಯಿತ್ತು. ಅದರ ಆಳದಲ್ಲಿ ಆಗಾಗ ವಿಷಗಾಳಿ ಕಟ್ಟಿಕೊಳ್ಳುತ್ತಿತ್ತು. ಗಾಳಿಯನ್ನು ಅಳೆದು, ಮೇಲಿನ ಫಲಕದಲ್ಲಿ ಅಂಕಿ ತೋರಿಸಲು ಒಂದು ಪ್ರೋಗ್ರಾಂ ಇತ್ತು. ಅಂಕಿ ಏರಿದರೆ ಸೈರನ್ ಕೂಗುತ್ತಿತ್ತು. ಪ್ರೋಗ್ರಾಂ ಸತ್ತರೂ ಕೂಗುತ್ತಿತ್ತು. ಕೂಗಿದೊಡನೆ ಎಲ್ಲರೂ ಮೇಲೆ ಬರಬೇಕು. ಪ್ರೋಗ್ರಾಂ ಮತ್ತೆ ಶುರುವಾಗುವವರೆಗೆ ಯಾರೂ ಇಳಿಯುವಂತಿಲ್ಲ.

ಬರಬರುತ್ತ ಆ ಪ್ರೋಗ್ರಾಂ ಪದೇ ಪದೇ ಸಾಯತೊಡಗಿತು. ಗಾಳಿ ಚೆನ್ನಾಗಿದ್ದಾಗಲೂ ಹತ್ತಿ ಬಂದು ಸುಮ್ಮನೆ ಕೂರುವುದು ಕೆಲಸಗಾರರಿಗೆ ಸಾಕಾಯಿತು. ಗಣಿಯ ಒಡೆಯ ಒಬ್ಬ ತಂತ್ರಜ್ಞನನ್ನು ಕರೆಸಿ, ಸಂಜೆಯೊಳಗೆ ಆ ಕೂಗು ನಿಲ್ಲಬೇಕೆಂದ.

ತಂತ್ರಜ್ಞ ಕೆಲಸ ಬಲ್ಲವನು. ದೋಷ ಹುಡುಕುವ ಡೀಬಗರ್ ತೆರೆದು ಪ್ರೋಗ್ರಾಮಿನ ಮೆಮೊರಿ ನಕ್ಷೆಯನ್ನು ತರಿಸಿ ನೋಡಿದ. ಪ್ರೋಗ್ರಾಮಿಗೆ ಸೇರಿದ ಜಾಗ ಎಲ್ಲಿಂದ ಎಲ್ಲಿಯವರೆಗಿದೆ, ಎಲ್ಲಿ ಓದಬಹುದು, ಎಲ್ಲಿ ಬರೆಯಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ತನ್ನದಲ್ಲದ ಜಾಗಕ್ಕೆ ಕೈಹಾಕಿದ ಪ್ರೋಗ್ರಾಮನ್ನು ಯಂತ್ರ ಅಲ್ಲೇ ಕೊಲ್ಲುತ್ತದೆ. ಇಲ್ಲಿಯೂ ಆದದ್ದು ಅದೇ. ಗಾಳಿಯ ಅಳತೆಯನ್ನು ಓದಲು ಹೊರಟ ಪ್ರೋಗ್ರಾಂ ಕೆಲವೊಮ್ಮೆ ತಪ್ಪು ವಿಳಾಸಕ್ಕೆ ಹೋಗುತ್ತಿತ್ತು. ನಕ್ಷೆಯ ಪ್ರಕಾರ ಆ ವಿಳಾಸದಲ್ಲಿ ಏನೂ ಇರಲಿಲ್ಲ.

ತಪ್ಪು ವಿಳಾಸ ಹುಟ್ಟುವುದು ಎಲ್ಲಿ ಎಂದು ಹುಡುಕಲು ಸಮಯ ಬೇಕೆಂದು ಅವನು ಕೇಳಿಕೊಂಡ. ಒಡೆಯ ಕೊಡಲಿಲ್ಲ. ಆಗ ತಂತ್ರಜ್ಞ ಆ ಖಾಲಿ ಜಾಗವನ್ನೇ ಪ್ರೋಗ್ರಾಮಿನ ಹೆಸರಿಗೆ ಸೇರಿಸಿಬಿಟ್ಟ. ಹಾಗೆ ಸೇರಿಸಿದ ಜಾಗದ ತುಂಬ ಬರೀ ಸೊನ್ನೆಗಳಿರುತ್ತವೆಂದು ಅವನಿಗೆ ಗೊತ್ತಿತ್ತು. ಸದ್ಯಕ್ಕೆ ಇಷ್ಟಿರಲಿ, ಆಮೇಲೆ ಬಂದು ಮೂಲವನ್ನು ಸರಿಪಡಿಸಿದರಾಯಿತು ಎಂದುಕೊಂಡ. ಸೈರನ್ ನಿಂತಿತು. ಅವನು ಬೇರೆ ಕೆಲಸಕ್ಕೆ ಹೋದ.

ಕೆಲವು ದಿನಗಳ ಮೇಲೆ ಗಣಿಯ ಮೇಸ್ತ್ರಿ ಅವನಿಗೆ ಸಂತೆಯಲ್ಲಿ ಸಿಕ್ಕಿದ. ಕೈಮುಗಿದು, “ನಿಮ್ಮ ಉಪಕಾರ ದೊಡ್ಡದು ಸ್ವಾಮಿ. ಈಗ ನಮ್ಮವರು ಹೆದರಿಕೆಯಿಲ್ಲದೆ ಇಳಿಯುತ್ತಾರೆ” ಎಂದ.

“ಫಲಕದಲ್ಲಿ ಈಗ ಎಷ್ಟು ತೋರಿಸುತ್ತಿದೆ?” ಎಂದು ತಂತ್ರಜ್ಞ ಕೇಳಿದ.

“ಸೊನ್ನೆ ಸ್ವಾಮಿ. ಯಾವಾಗ ನೋಡಿದರೂ ಸೊನ್ನೆ.”

ಮೊದಲು ಸತ್ತು ಮತ್ತೆ ಶುರುವಾದಾಗ ಸರಿಯಾದ ವಿಳಾಸಕ್ಕೆ ಮರಳುತ್ತಿದ್ದ ಪ್ರೋಗ್ರಾಂ, ಈಗ ಸಾಯದೆ, ಗಾಳಿಯನ್ನು ಓದುವುದನ್ನು ಬಿಟ್ಟು ತಾನು ಕೊಟ್ಟ ಜಾಗವನ್ನೇ ಓದುತ್ತ ಉಳಿದಿದೆಯೆಂದು ತಂತ್ರಜ್ಞನಿಗೆ ಆ ಕ್ಷಣವೇ ತಿಳಿಯಿತು. ಹೇಳಬೇಕೆಂದು ಬಾಯಿ ತೆರೆದ. ಸುತ್ತ ಜನರಿದ್ದರು, ಮೇಸ್ತ್ರಿಯ ಕೈಗಳು ಇನ್ನೂ ಮುಗಿದೇ ಇದ್ದವು. ಬೆಳಗಾದರೆ ತಾನೇ ಗಣಿಗೆ ಹೋಗಿ, ಯಾರಿಗೂ ತಿಳಿಯದಂತೆ ಸರಿಪಡಿಸಿ ಬರೋಣವೆಂದು ತೀರ್ಮಾನಿಸಿ, ತಲೆಯಾಡಿಸಿ ನಡೆದ.

ಅವನು ಗಣಿ ಮುಟ್ಟುವ ಹೊತ್ತಿಗೆ ಬೆಳಗಿನ ಪಾಳಿ ಇಳಿದಾಗಿತ್ತು. ಮೇಸ್ತ್ರಿಯೂ ಇಳಿದಿದ್ದ. ಕೆಳಗಿನಿಂದ ಯಾರೂ ಓಗೊಡಲಿಲ್ಲ. ಫಲಕದಲ್ಲಿ ಸೊನ್ನೆಯಿತ್ತು. ಒಬ್ಬೊಬ್ಬರನ್ನಾಗಿ ಮೇಲೆ ತಂದು ಮಲಗಿಸುವಾಗಲೂ ಅದು ಸೊನ್ನೆಯನ್ನೇ ತೋರಿಸುತ್ತಿತ್ತು. ಹೆಂಗಸರು ಬಂದು ಮುಖದ ಬಟ್ಟೆ ಸರಿಸಿ ಸರಿಸಿ ತಮ್ಮವರನ್ನು ಹುಡುಕಿದರು. ತಂತ್ರಜ್ಞ ಫಲಕದ ಕೋಣೆಗೆ ಹೋಗಿ ಮತ್ತೆ ನಕ್ಷೆ ತರಿಸಿದ. ಅದರಲ್ಲಿ ಒಂದು ತಪ್ಪೂ ಕಾಣಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಲ್ಲಿನಾಥನಿಗೆ ತಂತ್ರಜ್ಞನ ಮೇಲೆ ಮರುಕ ಹುಟ್ಟಿತು. ಸಂತೆಯಲ್ಲಿ ಹೇಳದೆ ಹೋದದ್ದು ಅವನ ತಪ್ಪು ನಿಜ, ಆದರೆ ಮೊದಲ ದಿನ ಅವನು ಸಾಯುವ ಒಂದು ಪ್ರೋಗ್ರಾಮನ್ನು ಉಳಿಸಿದನೇ ಹೊರತು ಬೇರೇನೂ ಮಾಡಲಿಲ್ಲವಲ್ಲ ಎಂದ.

ಗುರುಗಳು ಹೇಳಿದರು: “ಅದು ಆ ಕೆಲಸಗಾರರ ಬದಲಿಗೆ ಸಾಯುತ್ತಿತ್ತು.”