ತೊಳೆದುಕೊಂಡು ಬಂದ ಕಾಲು

ನಮ್ಮ ಕ್ರೈಸ್ತರಲ್ಲಿ ಒಂದು ತಮಾಷೆ ಇದೆ. ಈಸ್ಟರ್ ಹಬ್ಬಕ್ಕೆ ಮುಂಚೆ ಬರುವ ಪವಿತ್ರ ಗುರುವಾರದ ಪೂಜೆಯಲ್ಲಿ ಗುರುಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಯೇಸುಸ್ವಾಮಿ ಶಿಲುಬೆಗೇರುವ ಹಿಂದಿನ ದಿನ ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ.

ಆ ಹನ್ನೆರಡು ಜನ ಏನು ಮಾಡುತ್ತಾರೆ? ಮನೆಯಲ್ಲೇ ಸೋಪು ಹಚ್ಚಿ, ಹಿಮ್ಮಡಿ ಉಜ್ಜಿ, ಫಳಫಳ ಮಾಡಿಕೊಂಡು ಬರುತ್ತಾರೆ. ನಾಲ್ಕು ಜನರ ಮುಂದೆ ಕೊಳಕು ಕಾಲು ಚಾಚಿದರೆ ಮರ್ಯಾದೆ ಏನಾದೀತು? ಗುರುಗಳು, ಪಾಪ, ತೊಳೆದ ಕಾಲನ್ನೇ ಮತ್ತೆ ತೊಳೆಯುತ್ತಾರೆ.

ಕಪಿಲೆಯ ದಂಡೆಯ ಒಂದು ಸಣ್ಣ ಆಶ್ರಮದಲ್ಲಿ ಜೋಜಪ್ಪಸ್ವಾಮಿ ಎಂಬ ವಯಸ್ಸಾದ ಗುರುಗಳಿದ್ದರು. ಅವರ ಶಿಷ್ಯ ಅರುಳಪ್ಪ.

ಅರುಳಪ್ಪ ಅಲ್ಲಿಗೆ ಬಂದದ್ದು ತನ್ನ ಕೋಪಕ್ಕೆ ತಾನೇ ಹೆದರಿ. ಊರಲ್ಲಿ ಒಮ್ಮೆ ಹೆತ್ತ ತಾಯಿಯ ಮೇಲೆ ಕೈ ಮಾಡಿದ್ದ. ಆಶ್ರಮ ಸೇರಿ ಉಪವಾಸ ಮಾಡಿದ, ಮೌನ ಹಿಡಿದ, ಬೈದವರಿಗೂ ಕೈ ಮುಗಿದ. ವರ್ಷಗಳು ಕಳೆದವು, ಕೋಪದ ಸುಳಿವಿಲ್ಲ. ಅರುಳಪ್ಪ ಅಂದರೆ ಹಸು ಇದ್ದ ಹಾಗೆ ಎಂದು ಜನ ಮಾತಾಡಿಕೊಂಡರು. ಅದನ್ನು ಕೇಳಿದಾಗ ಅವನು ತಲೆ ತಗ್ಗಿಸುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ. ಈಸ್ಟರ್ ಕಳೆದ ಮೇಲೆ ವ್ರತ ತೊಟ್ಟು ಆಶ್ರಮದವನೇ ಆಗುವುದೆಂದು ತೀರ್ಮಾನವಾಗಿತ್ತು.

ಈಸ್ಟರಿಗೆ ಮುಂಚಿನ ವಾರ ಅವನು ಅಡುಗೆಯ ರಾಯಪ್ಪ ತಾತನಿಗೆ ಸೌಟಿನಲ್ಲಿ ಹೊಡೆದ.

ದೊಡ್ಡ ಕಾರಣವೇನೂ ಇಲ್ಲ. ಅನ್ನ ತಳ ಹಿಡಿದಿತ್ತು, ಅರುಳಪ್ಪ ಮುಖ ಸಿಂಡರಿಸಿದ. ಹಸುವೂ ಹುಲ್ಲು ಆರಿಸಿಕೊಂಡು ತಿನ್ನುವುದಕ್ಕೆ ಶುರುಮಾಡಿತಲ್ಲಪ್ಪ ಎಂದು ತಾತ ನಕ್ಕ. ಅಷ್ಟೇ. ತಾತನ ಬಲಗೈ ಮಣಿಕಟ್ಟು ಊದಿಕೊಂಡಿತು.

ಅರುಳಪ್ಪ ನೇರ ಗುರುಗಳ ಹತ್ತಿರ ಹೋಗಿ, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ. ಗುರುಗಳು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

"ಇಷ್ಟು ವರ್ಷ ಈ ಕೋಪ ಎಲ್ಲಿತ್ತು ಸ್ವಾಮಿ?"

"ನಿನ್ನ ಜೊತೇಲೇ ಉಪವಾಸ ಮಾಡ್ತಿತ್ತು."

ಒಳ್ಳೆಯದು ಯಾವುದೆಂದು ತನಗೆ ಚೆನ್ನಾಗಿ ಗೊತ್ತು, ಹೊತ್ತು ಬಂದಾಗ ಕೈ ತನ್ನ ಮಾತು ಕೇಳುವುದಿಲ್ಲ ಎಂದ ಅರುಳಪ್ಪ. ದೇವರು ಒಳ್ಳೆಯವನಾದರೆ ತನ್ನೊಳಗೆ ಈ ಕೇಡನ್ನು ಇಟ್ಟವರು ಯಾರು ಎಂದೂ ಕೇಳಿದ.

"ಇಟ್ಟೋರು ಯಾರೇ ಆಗ್ಲಿ, ತೆಗೆಯೋರು ಯಾರು?"

"ನಾನೇ ತೆಗೀತೀನಿ."

"ಸರಿ. ನೀನು ಕೂತಿರೋ ಚಾಪೆ ಸುತ್ತಿಡು. ಏಳಬೇಡ."

ಅರುಳಪ್ಪ ಆ ಅಂಚು ಎಳೆದ, ಈ ಅಂಚು ಎಳೆದ. ಬೆವರಿದ್ದೇ ಬಂತು. ಕೊನೆಗೆ ರೇಗಿ ಕೈಬಿಟ್ಟ. ತನಗೆ ವ್ರತ ಬೇಡ, ಊರಿಗೆ ಹೋಗುತ್ತೇನೆ, ಒಳ್ಳೆಯವನಾದ ಮೇಲೆ ವಾಪಸು ಬರುತ್ತೇನೆ ಎಂದ.

ಗುರುಗಳು ತಡೆಯಲಿಲ್ಲ. ಗುರುವಾರ ಕಳೆದು ಹೋಗು, ಕಾಲು ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ಒಬ್ಬರು ಕಡಿಮೆ ಇದ್ದಾರೆ ಎಂದಷ್ಟೇ ಹೇಳಿದರು.

ಅಲ್ಲಿಯವರೆಗೆ ಅರುಳಪ್ಪ ಅಡುಗೆಮನೆ ಕಡೆ ಸುಳಿಯಲಿಲ್ಲ. ಯಾವ ಮುಖ ಹೊತ್ತು ತಾತನ ಮುಂದೆ ನಿಲ್ಲುವುದು?

ಗುರುವಾರ ಮಧ್ಯಾಹ್ನ ಬಟ್ಟೆ ಗಂಟು ಕಟ್ಟಿಟ್ಟು ಹೊಳೆಗಿಳಿದ. ಇಟ್ಟಿಗೆ ಚೂರು ಹಿಡಿದು ಪಾದ ಉಜ್ಜಿದ, ರಕ್ತ ಜಿನುಗುವವರೆಗೂ ಉಜ್ಜಿದ. ಗುರುಗಳು ಮುಟ್ಟುವ ಕಾಲಾದರೂ ಚೊಕ್ಕವಾಗಿರಲಿ ಎಂದು ಅವನ ಹಟ.

ಗುರುಗಳು ಮೆಟ್ಟಿಲ ಮೇಲಿಂದ ನೋಡಿದರು.

"ಎಲ್ಲಾ ನೀನೇ ತೊಳ್ಕೊಂಡ್ರೆ ನನಗೇನು ಉಳಿಸ್ತೀಯಪ್ಪ?"

ಅರುಳಪ್ಪ ಇನ್ನೊಂದು ಕಾಲು ಉಜ್ಜತೊಡಗಿದ.

ಸಂಜೆ ಇನ್ನೇನು ಪೂಜೆಯ ಗಂಟೆ ಹೊಡೆಯಬೇಕು, ಎಮ್ಮೆ ಹಗ್ಗ ಬಿಚ್ಚಿಕೊಂಡಿದೆ, ಹೋಗಿ ಕಟ್ಟಿ ಬಾ ಎಂದರು ಗುರುಗಳು. ಎಮ್ಮೆಯೇ ಬಿಚ್ಚಿಕೊಂಡಿತೋ, ಇವರೇ ಬಿಚ್ಚಿದರೋ ನಾನು ಕಾಣೆ. ಕೊಟ್ಟಿಗೆಯಲ್ಲಿ ಸಗಣಿ, ಗಂಜಲದ ಕೆಸರು. ಎಮ್ಮೆ ಬೇರೆ ಸಾಕಷ್ಟು ಆಟ ಆಡಿಸಿತು. ಕಟ್ಟಿ ಮುಗಿಸುವಷ್ಟರಲ್ಲಿ ಪೂಜೆ ಶುರುವಾಗಿತ್ತು. ಹೊಳೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ.

ಹಿಂದಿನ ಬಾಗಿಲಿಂದ ನುಸುಳಿ ಹನ್ನೆರಡು ಜನರ ಬೆಂಚಿನ ಕೊನೆಯಲ್ಲಿ ಕೂತ. ಪಕ್ಕಕ್ಕೆ ತಿರುಗಿದರೆ ರಾಯಪ್ಪ ತಾತ, ಕೈಗೆ ಅರಿಶಿನದ ಪಟ್ಟಿ. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು ಅರುಳಪ್ಪನಿಗೆ. ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡ.

ಗುರುಗಳು ಒಬ್ಬೊಬ್ಬರ ಮುಂದೆ ಮಂಡಿಯೂರುತ್ತ ಬಂದರು. ಎಲ್ಲ ಫಳಫಳ ಕಾಲುಗಳು. ಒಂದಿಷ್ಟು ನೀರು, ಒರೆಸುವುದು, ಮುತ್ತಿಡುವುದು. ತಾತನದೂ ಮುಗಿಯಿತು. ಅರುಳಪ್ಪನ ಮುಂದೆ ಬಂದಾಗ ಸಗಣಿ ವಾಸನೆಗೆ ಹಿಂದೆ ಯಾರೋ ಕಿಸಕ್ಕೆಂದರು.

"ಬೇಡ ಸ್ವಾಮಿ." ಅವನು ಕಾಲನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡ. "ನನ್ನ ಕೈಲಿ ಒಳ್ಳೆಯವನಾಗೋಕೆ ಆಗಲ್ಲ."

"ಆಗಲ್ಲ," ಎಂದರು ಗುರುಗಳು.

ಸಮಾಧಾನದ ಮಾತು ಬರುತ್ತದೆಂದು ಕಾದಿದ್ದ ಅರುಳಪ್ಪ ಪೆಚ್ಚಾದ.

ಗುರುಗಳು ತಮ್ಮ ಹೆಗಲ ಮೇಲಿದ್ದ ಕಾಲು ಒರೆಸುವ ಬಟ್ಟೆ ತೆಗೆದು ತಾತನ ಹೆಗಲಿಗೆ ಹಾಕಿದರು. ತಾತ ಮಂಡಿ ನೋವಿಗೆ ಗೊಣಗುತ್ತ ನೆಲಕ್ಕೆ ಕೂತ. ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಲ್ಲಿ ಚೊಂಬು ಎತ್ತಿದ.

ಅರುಳಪ್ಪ ದಡಕ್ಕನೆ ಎದ್ದ. ಅಳು ತಡೆಯಲಾಗಲಿಲ್ಲ ಅವನಿಗೆ.

"ಹೊಡೆದೋನು ನಾನು ಸ್ವಾಮಿ. ಮೊದಲು ನಾನು ತಾತನ ಕಾಲು ಹಿಡೀಬೇಕು. ತಪ್ಪಾಯ್ತು ಅಂತ ಕೇಳ್ಕೋಬೇಕು."

ಗುರುಗಳು ಅವನ ಭುಜ ಹಿಡಿದು ಕೂರಿಸಿದರು.

"ಅದೆಲ್ಲಾ ಆಮೇಲೆ. ಮೊದಲು ಕಾಲು ಕೊಡು."