ಬರೀ ಮೈಲಾರಪ್ಪಂದಿರು

“ನನ್ನ ಸೀಮೆಯಲ್ಲಿ ನನ್ನ ಹೆಸರು ಕೇಳಿದರೆ ಸಾಕು, ಜನ ತಲೆ ತಗ್ಗಿಸುತ್ತಾರೆ” ಎಂದು ಕರಡಿಗುಡ್ಡದ ಪಾಳೆಯಗಾರ ಹಾಲಪ್ಪ ನಾಯಕ ಆಗಾಗ ಹೇಳಿಕೊಳ್ಳುತ್ತಿದ್ದ. ತಲೆ ತಗ್ಗಿಸುತ್ತಿದ್ದದ್ದು ನಿಜವೇ. ನಗು ಕಾಣಬಾರದಲ್ಲ, ಅದಕ್ಕೆ.

ಒಂದು ದಿನ ನಾಯಕ ತಲೆತುಂಬ ಕಂಬಳಿ ಹೊದ್ದು, ಗುರುತು ಸಿಗದಂತೆ ಸಂತೆ ನೋಡಲು ಹೋದ. ಮೆಣಸಿನಕಾಯಿ ರಾಶಿಯ ಹಿಂದೆ ಇಬ್ಬರು ಮಾತಾಡುತ್ತಿದ್ದರು.

“ಹಪ್ಪಳ ನಾಯಕರು ಇವತ್ತು ಹೇಗಿದ್ದಾರಂತೆ?”

“ಬೆಳಿಗ್ಗೆಯೇ ಕಾದ ಎಣ್ಣೆಗೆ ಬಿದ್ದಿದ್ದಾರಂತೆ. ಅರಮನೆ ಕಡೆ ಸುಳಿಯಬೇಡ.”

ನಾಯಕ ದಡದಡನೆ ಅರಮನೆಗೆ ಬಂದವನೇ ಕೋನೇರಯ್ಯನನ್ನು ಕರೆಸಿದ. ನಾಯಕನಿಗೆ ಎದುರು ಮಾತಾಡಿಯೂ ಆಸ್ಥಾನದಲ್ಲಿ ಉಳಿದುಕೊಂಡಿದ್ದವನು ಅವನೊಬ್ಬನೇ.

“ಕೋನೇರಯ್ಯ, ಹಪ್ಪಳ ನಾಯಕ ಅಂದರೆ ಯಾರು?”

“ಹೇಗೆ ಹೇಳಲಿ ದೊರೆಗಳೇ? ಊರವರು ನನ್ನನ್ನು ಸಂಡಿಗೆ ಅನ್ನುತ್ತಾರೆ. ಸದಾ ತಮ್ಮ ಪಕ್ಕದಲ್ಲೇ ಇರುತ್ತೇನಲ್ಲ, ಅದಕ್ಕಿರಬೇಕು.”

ಅರ್ಥವಾಗಲು ನಾಯಕನಿಗೆ ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿವಿವರೆಗೂ ಕೆಂಪಾದ. ಈ ಹೆಸರು ಹುಟ್ಟಿದ್ದು ಎಲ್ಲಿ ಎಂದು ಆಳುಗಳು ಹುಡುಕುತ್ತಾ ಹೋದರೆ, ಸಂತೆಯಿಂದ ಹೊರಟ ಜಾಡು ತಿರುಗಿ ಅರಮನೆಯ ಅಡುಗೆಮನೆಗೇ ಬಂತು. ನಾಯಕ ಚಿಕ್ಕವನಿದ್ದಾಗ ಅವನಿಗೆ ತುತ್ತು ತಿನ್ನಿಸಿದ ದ್ಯಾಮವ್ವ ಅಲ್ಲಿ ಹಿಟ್ಟು ನಾದುತ್ತಾ ಕೂತಿದ್ದಳು.

“ಹೌದು ಯಪ್ಪಾ, ನಾನೇ ಅಂದದ್ದು” ಎಂದಳು ಮುದುಕಿ. “ಹಾಲಪ್ಪ ಅನ್ನೋದನ್ನ ಒಂಚೂರು ಹೊರಳಿಸಿದೆ. ಬಿಸಿ ತಾಗಿದರೆ ಉಬ್ಬುತ್ತೀ. ಮೆತ್ತಗೆ ಯಾರಾದರೂ ಮುಟ್ಟಿದರೆ ಪುಡಿಯಾಗ್ತೀ. ಮುದ್ದಿಗೆ ಇಟ್ಟದ್ದು, ಬೈಗುಳ ಅಲ್ಲ.”

ನಾಯಕ ಅಲ್ಲೇ ಉಬ್ಬಿದ.

“ಇನ್ನು ನನ್ನ ಸೀಮೆಯಲ್ಲಿ ಯಾರಿಗೂ ಅಡ್ಡಹೆಸರು ಇರಕೂಡದು! ಬಾಯಿಬಿಟ್ಟು ಆಡಿದವರನ್ನು ಗಡಿ ದಾಟಿಸಿ. ಮೊದಲು ಈ ಮುದುಕಿಯನ್ನೇ!”

ದ್ಯಾಮವ್ವ ಹಿಟ್ಟಿನ ಕೈಯಲ್ಲೇ ಸೆರಗು ಹಿಡಿದುಕೊಂಡು ನಿಂತಳು. ಗಡಿಯಾಚೆ ಅವಳಿಗೆ ಯಾರೂ ಇರಲಿಲ್ಲ. ಅದು ಕೋನೇರಯ್ಯನಿಗೆ ಗೊತ್ತಿತ್ತು.

“ಒಳ್ಳೆಯ ಕಟ್ಟಳೆ ದೊರೆಗಳೇ” ಎಂದು ಅವನು ಕೈಮುಗಿದ. “ಮುದುಕಿ ಗಂಟುಮೂಟೆ ಕಟ್ಟಲಿಕ್ಕೆ ಅಮಾವಾಸ್ಯೆವರೆಗೆ ಬಿಡಿ. ಡಂಗುರ ಹೊಡೆಸುವ ಮೊದಲು ನನಗೊಂದು ಸಂಶಯ. ಗಾಣದವನು, ಹಲ್ಲು ಕೀಳುವವನು ಅಂತ ಕಸುಬು ಹಿಡಿದು ಕರೆಯಬಹುದೇ?”

“ಕೂಡದು! ಹೆತ್ತವರು ಇಟ್ಟದ್ದೊಂದೇ ಹೆಸರು. ಹಿಂದೆ ಮುಂದೆ ಒಂದಕ್ಷರ ಸೇರಿಸಿದರೂ ತಪ್ಪೇ!”

“ಯಾರು ಸೇರಿಸಿದರೂ?”

“ಯಾರೇ ಆಗಲಿ!”

ಕೋನೇರಯ್ಯ ಡಂಗುರದವನಿಗೆ ಅಷ್ಟನ್ನೂ ಬಾಯಿಪಾಠ ಮಾಡಿಸಿ ಕಳಿಸಿದ.

ಕರಡಿಗುಡ್ಡದ ದೇವರು ಮೈಲಾರಲಿಂಗ. ಹರಕೆ ಹೊತ್ತು ಹೆತ್ತ ಗಂಡುಮಕ್ಕಳಿಗೆಲ್ಲ ದೇವರ ಹೆಸರೇ. ಬೀದಿಯಲ್ಲಿ ಕಲ್ಲೆಸೆದರೆ ಒಬ್ಬ ಮೈಲಾರಪ್ಪನಿಗೆ ತಾಗುತ್ತಿತ್ತು. ಸಿಟ್ಟಿನಲ್ಲಿ ನಾಯಕನಿಗೆ ಇದು ನೆನಪಾಗಲಿಲ್ಲ.

ಮೂರ್ನಾಲ್ಕು ದಿನ ಕಳೆದಿರಬೇಕು. ಬೆಳಿಗ್ಗೆ ಕೊಬ್ಬರಿ ಕಡಿಯುತ್ತಿದ್ದ ನಾಯಕ “ಅಯ್ಯಯ್ಯೋ” ಎಂದು ಕೆನ್ನೆ ಹಿಡಿದುಕೊಂಡ. ದವಡೆಹಲ್ಲು ಅಲ್ಲಾಡುತ್ತಿತ್ತು. ನೋವು ನೆತ್ತಿಗೇರಿತು.

“ಕೋನೇರಯ್ಯ, ಹಲ್ಲು ಕೀಳುವವನನ್ನು ಕರೆಸು!”

“ಹಾಗಂತ ಅವನ ಹೆತ್ತವರು ಹೆಸರಿಟ್ಟಿರಲಿಕ್ಕಿಲ್ಲ ದೊರೆಗಳೇ. ಈಗಿನ ಮಾತು ನನ್ನ ಕಿವಿಗೆ ಬಿದ್ದಿಲ್ಲ ಅಂತ ಇಟ್ಟುಕೊಳ್ಳೋಣ.”

“ಮೈಲಾರಪ್ಪ! ಮೈಲಾರಪ್ಪನನ್ನು ಕರೆಸು, ಸಾಯುತ್ತಿದ್ದೇನೆ!”

ಆಳುಗಳು ಊರೊಳಗೆ “ಮೈಲಾರಪ್ಪನಿಗೆ ದೊರೆಗಳ ಕರೆ” ಎಂದು ಕೂಗಿಬಂದರು. ನೋಡುನೋಡುತ್ತಿದ್ದಂತೆ ಅರಮನೆಯ ಅಂಗಳ ತುಂಬಿತು. ಮುದುಕರು ಬಂದರು, ಮೀಸೆ ಚಿಗುರುತ್ತಿದ್ದವರು ಬಂದರು.

ಮೊದಲು ನಿಂತವನು ಆನೆಮರಿಯಂತಿದ್ದ.

“ಯಾರು ನೀನು?” ಎಂದ ನಾಯಕ.

“ಮೈಲಾರಪ್ಪ, ದೊರೆಗಳೇ.”

“ಯಾವ ಮೈಲಾರಪ್ಪ?”

“ಬರೀ ಮೈಲಾರಪ್ಪ. ಮೊನ್ನೆ ಡಂಗುರ ಆದಾಗಿನಿಂದ.”

“ಹಲ್ಲು ಕೀಳಲಿಕ್ಕೆ ಬರುತ್ತದಾ?”

“ಕುಸ್ತಿಯಲ್ಲಿ ಉದುರಿಸಿದ್ದೇನೆ. ಕೀಳಲಿಕ್ಕೆ ಹೋಗಿಲ್ಲ. ಬಾಯಿ ತೆಗೆದರೆ ನೋಡುತ್ತೇನೆ.”

“ನಡೆ ಆಚೆ! ನೀನು ಯಾರಯ್ಯ?”

ಎರಡನೆಯವನು ಗಂಟಲು ಸರಿಮಾಡಿಕೊಂಡ. “ನಾನೂ ಮೈಲಾರಪ್ಪನೇ. ನಮ್ಮ ತಾತನ ಕಾಲದಲ್ಲಿ ಕೆರೆ ಒಡೆದಾಗ ನಮ್ಮ ಮನೆಯವರು ಮೇಲುಕೇರಿಗೆ ಬಂದರು, ಆಗ ನಮ್ಮ ಅತ್ತೆಗೆ ಜ್ವರ...”

“ಹಲ್ಲು! ಹಲ್ಲಿನ ವಿಷಯ ಹೇಳು!”

“ಅಲ್ಲಿಗೇ ಬರುತ್ತಿದ್ದೇನೆ ಒಡೆಯಾ. ನನ್ನ ಮಾತು ನೆಟ್ಟಗೆ ಬರಲ್ಲ, ಸುತ್ತುತ್ತಾ ಸುತ್ತುತ್ತಾ ಬರುತ್ತದೆ ಅಂತ ಊರವರು ನನಗೊಂದು ಕುರುಕಲು ತಿಂಡಿಯ ಹೆಸರು ಇಟ್ಟಿದ್ದರು. ಅಕ್ಕಿಹಿಟ್ಟಿನದು. ಮೈಯೆಲ್ಲ ಮುಳ್ಳು. ಈಗ ಹೇಳುವ ಹಾಗಿಲ್ಲ.”

ಕೋನೇರಯ್ಯ ಬಾಯಿಗೆ ಉತ್ತರೀಯ ಅಡ್ಡ ಹಿಡಿದ. ಮೂರನೆಯವನು ಡೊಳ್ಳಿನವನು. ನಾಲ್ಕನೆಯವನಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ನಾಯಕನ ಕೆನ್ನೆ ಬದನೆಕಾಯಿಯಷ್ಟಾಗಿತ್ತು. ಸಾಲು ಬಾಗಿಲಾಚೆಗೂ ಬೆಳೆಯುತ್ತಿತ್ತು. ಕಡೆಗೆ ನಾಯಕ ಎದ್ದುನಿಂತು ಕಿರುಚಿದ:

“ಇಕ್ಕಳ! ಆ ಇಕ್ಕಳದ ಮೈಲಾರಪ್ಪನನ್ನು ಎಳೆದುಕೊಂಡು ಬನ್ರೋ!”

ಅಂಗಳ ಗಪ್‌ಚಿಪ್ಪಾಯಿತು. ಕಂಬದ ಪಕ್ಕದಿಂದ ಒಬ್ಬ ಬಡಕಲು ಆಸಾಮಿ ಇಕ್ಕಳ ಹಿಡಿದು ಮುಂದೆ ಬಂದ.

“ಇಲ್ಲೇ ಇದ್ದೆಯೇನೋ? ಮೊದಲೇ ಬಾಯಿಬಿಡಬಾರದಾ?”

“ಬಿಟ್ಟಿದ್ದರೆ ಗಡಿ ದಾಟಿಸುತ್ತಿದ್ದಿರಿ ಒಡೆಯಾ. ಈಗ ತಾವು ಬಾಯಿಬಿಡಿ.”

ಹಲ್ಲು ಒಂದೇ ಎಳೆತಕ್ಕೆ ಬಂತು. ನಾಯಕ ಉಪ್ಪುನೀರು ಮುಕ್ಕಳಿಸಿ, ಉಸ್ಸೆಂದು ಕೂತ. ಕೋನೇರಯ್ಯ ಮೆಲ್ಲಗೆ ಬಳಿಗೆ ಬಂದ.

“ದೊರೆಗಳೇ, ಇವತ್ತೇ ಅಮಾವಾಸ್ಯೆ, ದ್ಯಾಮವ್ವನ ಗಾಡಿ ಹೊರಗೆ ಕಟ್ಟಿಸಿದ್ದೇನೆ. ಗಡಿವರೆಗೆ ಹೋಗಬೇಕಾದವರು ಈಗ ಇಬ್ಬರಾದರು. ತಾವು ಮುಂದೆ ಕೂರುತ್ತೀರೋ, ಹಿಂದೆ ಕೂರುತ್ತೀರೋ?”

ನಾಯಕ ಉಬ್ಬಿದ. ಅಂಗಳದ ಮೈಲಾರಪ್ಪಂದಿರೆಲ್ಲ ಉಸಿರು ಹಿಡಿದು ನೋಡಿದರು. ಬಾಗಿಲಲ್ಲಿ ಗಂಟು ಹಿಡಿದು ನಿಂತಿದ್ದ ದ್ಯಾಮವ್ವ, “ತುಂಬ ನೋಯ್ತಾ ಯಪ್ಪಾ?” ಎಂದಳು.

ನಾಯಕನ ಊದಿದ ಕೆನ್ನೆಯ ಸಂದಿಯಿಂದಲೇ ನಗು ನುಗ್ಗಿತು. ಹೊಟ್ಟೆ ಹಿಡಿದು ನಕ್ಕ. ಕಣ್ಣೊರೆಸಿಕೊಂಡು ಹೇಳಿದ:

“ಎತ್ತು ಬಿಚ್ಚಿಸು ಕೋನೇರಯ್ಯ, ಕಟ್ಟಳೆಯೂ ಬೇಡ ಏನೂ ಬೇಡ! ಗಡಿವರೆಗೆ ಈ ಮುದುಕಿಯ ಜೊತೆ ಕೂತರೆ, ದಾರಿಯಲ್ಲಿ ನನಗೆ ಇನ್ನೆಷ್ಟು ಹೆಸರಿಡುತ್ತಾಳೋ!”